ಕಾಕಾನ ಪರವಾನಗಿ

ಆಳಂದದ ಜನ ನಮ್ಮ ಕಾಕಾನನ್ನು ಫೋಟೊಗ್ರಾಫರ್ ಎಂದು ತಿಳಿದಿದ್ದಾರೆ. ಅದು ಅರ್ಧ ಸತ್ಯ. ನಮ್ಮಪ್ಪನ ಈ ಕಿರಿಯ ತಮ್ಮ ಮೂಲತಃ ಅರ್ಜಿ ಬರೆಯುವವರು. ಬರೆದು ಬರೆದು ಕೈ ನೋವು ಬಂದಾಗ ಸ್ವಲ್ಪ ಹೊತ್ತು ಕ್ಯಾಮೆರಾ ಹಿಡಿಯುತ್ತಾರೆ. ಸ್ಟುಡಿಯೋದ ಒಳಗೆ ನೀವು ಹೇಗೆ ಬೇಕಾದರೂ ಕೂತು ಫೋಟೊ ತೆಗೆಸಿಕೊಳ್ಳಿ, ಅವರ ಅಭ್ಯಂತರವಿಲ್ಲ. ಹೊಸ್ತಿಲು ದಾಟಿ ಕೆರೆ ದಂಡೆ, ಉದ್ಯಾನ, ರಸ್ತೆ ಬದಿಯ ಬೇವಿನ ಮರ ಎಂದಿರೋ, ಹಣೆಯ ವಿಭೂತಿ ಮುದುಡುವಂತೆ ಹುಬ್ಬು ಗಂಟಿಕ್ಕಿ ಕೇಳುತ್ತಾರೆ: "ಆ ಜಾಗಾ ಯಾರ ಕೈಯಾಗ ಬರ್ತದ್ರಿ?"

ಹುಟ್ಟುತ್ತಲೇ ಹೀಗಿದ್ದರು ಎಂದುಕೊಳ್ಳಬೇಡಿ. ಹಿಂದೊಮ್ಮೆ ಮದುವೆಯ ಜೋಡಿಯೊಂದನ್ನು ಹಳೆಯ ಕೋಟೆಗೆ ಕರೆದುಕೊಂಡು ಹೋಗಿದ್ದರು. ಮದುಮಗಳು ಮೂರು ತಾಸು ಕೂತು ಅಲಂಕಾರ ಮಾಡಿಸಿಕೊಂಡಿದ್ದಳು. ಮೆಟ್ಟಿಲ ಮೇಲೆ ಕೂರಿಸಿ, ಸೆರಗು ಹರಡಿಸಿ, ಇನ್ನೇನು ಬಟನ್ ಒತ್ತಬೇಕು, ಕಾವಲುಗಾರ ಬಂದ. "ಮೊಬೈಲಿನಾಗ ಎಷ್ಟರ ತಕ್ಕೋರಿ. ಸ್ಟ್ಯಾಂಡು, ದೊಡ್ಡ ಕ್ಯಾಮೆರಾ, ಧಂದೆ ಅಂದ್ರ ಪರವಾನಗಿ ಬೇಕು. ಏಳ್ರಿ ಮ್ಯಾಲ." ಮದುಮಗಳು ಎದ್ದಳು. ಕಾಡಿಗೆ ಕರಗಿ ಕೆನ್ನೆಗೆ ಇಳಿಯಿತು. ಕಾವಲುಗಾರನ ತಪ್ಪೇನೂ ಇರಲಿಲ್ಲ, ನಿಯಮವೇ ಹಾಗಿತ್ತು. ಆದರೆ ಕಾಕಾ ಅಂದಿನಿಂದ ಪರವಾನಗಿ ಕೇಳದೆ ಬಯಲಲ್ಲಿ ಒಂದೂ ಫೋಟೊ ತೆಗೆದಿಲ್ಲ. ಬೇಕಾಗದ ಕಡೆಯೂ ಕೇಳುತ್ತಾರೆ. ಮದುಮಗಳ ಒಂದು ಹನಿ ಕಣ್ಣೀರಿಗೆ ಸರಕಾರ ಅದೆಷ್ಟು ಕಾಗದ ಓದಬೇಕಾಯಿತೋ.

ಊರಿನ ಉದ್ಯಾನದ ಕಡತ ನೋಡಿಕೊಳ್ಳುತ್ತಿದ್ದ ಒಬ್ಬ ಗುಮಾಸ್ತರಂತೂ ಕಾಕಾನ ಸ್ಕೂಟರಿನ ಸದ್ದು ಕೇಳಿದರೆ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಒಂದು ದಿನ ಅವರೇ ಸ್ಟುಡಿಯೋಕ್ಕೆ ಬಂದರು. ಮಗಳಿಗೆ ಗಂಡು ನೋಡುತ್ತಿದ್ದರು. ಉದ್ಯಾನದ ಹೂವಿನ ನಡುವೆ ನಿಲ್ಲಿಸಿ ಒಂದು ಚಂದದ ಫೋಟೊ ಬೇಕಿತ್ತು.

"ಅರ್ಜಿ ಕೊಡ್ರಿ," ಎಂದರು ಕಾಕಾ.

"ಯಾರಿಗಿ?"

"ನಿಮಗ."

ಗುಮಾಸ್ತರು ತಮಗೆ ತಾವೇ ಅರ್ಜಿ ಬರೆದುಕೊಂಡರು. ಬರೆದದ್ದನ್ನು ತಮ್ಮ ಮೇಜಿನ ಮೇಲೆ ಎರಡು ದಿನ ಇಟ್ಟುಕೊಂಡರು. ಅಭ್ಯಾಸ ಎಲ್ಲಿಗೆ ಹೋಗುತ್ತದೆ?

ಇನ್ನು ನನ್ನ ಕಥೆ. ನನ್ನ ಗಂಡನ ಊರು ಜೇವರ್ಗಿ. ಮದುವೆಗೆ ಮುಂಚೆ ಭೀಮಾ ನದಿಯ ದಂಡೆಯಲ್ಲಿ ಇಬ್ಬರೂ ನಿಂತು ಫೋಟೊ ತೆಗೆಸಿಕೊಳ್ಳಬೇಕು ಎಂಬುದು ಅವರ ಆಸೆ. ಕಾಕಾ ಸಂತೋಷದಿಂದ ಒಪ್ಪಿ ನಾಲ್ಕು ಕಚೇರಿಗಳಿಗೆ ಅರ್ಜಿ ಹಾಕಿದರು. ದಂಡೆ ಒಬ್ಬರದಂತೆ, ನೀರು ಇನ್ನೊಬ್ಬರದಂತೆ. ಪರವಾನಗಿ ಬಂದಾಗ ಮದುವೆ ಮುಗಿದು ಎಂಟು ದಿನವಾಗಿತ್ತು.

"ನಡಿ, ಈಗ ತೆಗಿಯೂಣು," ಎಂದರು ಕಾಕಾ.

"ಮದುವಿ ಆಗ್ಯದಲ್ಲ ಕಾಕಾ."

ಕಾಕಾ ಕಾಗದ ಬಿಡಿಸಿ ಓದಿದರು. ಮುಖ ಬಾಡಿತು. "ಹೌದು ಬೇ. 'ವಿವಾಹಪೂರ್ವ ಛಾಯಾಚಿತ್ರ' ಅಂತ ಬರದಾರ. ಸರಕಾರಕ್ಕ ಸುಳ್ಳು ಹೇಳಾಕ ಬರಂಗಿಲ್ಲ."

ತಿದ್ದುಪಡಿಗೆ ಮತ್ತೆ ಅರ್ಜಿ ಹೋಯಿತು. 'ಪೂರ್ವ' ಅಳಿಸಿ 'ಉತ್ತರ' ಎಂದು ಬರೆಯುವುದಕ್ಕೆ ಎಷ್ಟು ಕಾಲ ಬೇಕು? ನಮ್ಮ ಮನೆಯ ಗೋಡೆಯ ಮೇಲಿನ ಫೋಟೊ ನೋಡಿ, ತಿಳಿಯುತ್ತದೆ. ಹೊಳೆಯ ದಂಡೆಯಲ್ಲಿ ನಾವು ಮೂವರಿದ್ದೇವೆ. ಮೂರನೆಯವಳು ನನ್ನ ಕಂಕುಳಲ್ಲಿ ಬಾಯಿ ಅಗಲಿಸಿ ಅಳುತ್ತಿದ್ದಾಳೆ. ಅವಳನ್ನು ಎತ್ತಿಕೊಂಡು ನಿಂತಾಗಲೂ ಕಾಕಾ ಲೆನ್ಸಿನಿಂದ ಕಣ್ಣು ತೆಗೆದು, "ಪತ್ರದಾಗ ಇಬ್ಬರಂತ ಅದ," ಎಂದು ಗೊಣಗಿದ್ದರು.

ಹೋದ ವರ್ಷ ನನ್ನ ಶಾಲೆಯ ಸಹೋದ್ಯೋಗಿ ಟೀಚರ್ ಒಬ್ಬಳು ಕಾಕಾನನ್ನು ತನ್ನೂರಿಗೆ ಕರೆದಳು. ಅಫಜಲಪುರ ತಾಲೂಕಿನ ಸಣ್ಣ ಹಳ್ಳಿ. ಹೊಸ ಮನೆ ಕಟ್ಟಿಸಿದ್ದರು. ಗೋಡೆಯ ಮೇಲಿನ ಬುದ್ಧನ ಪಟದ ಪಕ್ಕದಲ್ಲಿ ತನ್ನ ಆಯಿಯ, ಅಂದರೆ ಅಜ್ಜಿಯ, ದೊಡ್ಡ ಫೋಟೊ ಹಾಕಬೇಕೆಂದು ಅವಳ ಹಂಬಲ. ಕಾಕಾನ ಸ್ವಭಾವ ಗೊತ್ತಿದ್ದರಿಂದ ನಾನೂ ಜೊತೆಗೆ ಹೋದೆ. ಮನೆಯೊಳಗೇ ತೆಗೆಸಿದರೆ ಅರ್ಧ ತಾಸಿನ ಕೆಲಸ.

ಕಾಕಾ ಕೇಳಿದರು, "ಆಯಿ, ಎಲ್ಲಿ ಕೂಡ್ತೀರಿ?"

"ಬಾವಿ ಕಟ್ಟಿ ಮ್ಯಾಲ," ಎಂದಳು ಆಯಿ. ಅಂದವಳೇ ಬಾಯಿಗೆ ಸೆರಗು ಅಡ್ಡ ಹಿಡಿದು, "ಬ್ಯಾಡ, ಸುಮ್ಮ ಅಂದೆ. ಇಲ್ಲೇ ತೆಗೀರಿ," ಎಂದಳು.

ಊರ ನಡುವಿನ ಬಾವಿ ಅದು. ಈಗ ಅದರ ನೀರು ಯಾರಿಗೂ ಬೇಡ, ಮನೆಮನೆಗೆ ನಳ ಬಂದಿದೆ. ಆಯಿಯ ಹರೆಯದಲ್ಲಿ ಅವಳ ಓಣಿಯವರು ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು, ಬಿಸಿಲಲ್ಲಿ ದೂರ ನಿಲ್ಲಬೇಕು. ನಮ್ಮಂಥ ಮನೆಯವರು ಮೇಲೆ ನಿಂತು, ಮನಸ್ಸಾದಾಗ ನೀರು ಸುರಿಯುತ್ತಿದ್ದರು.

"ಈಗ ಯಾರೇನು ಅಂತಾರ ಆಯಿ? ನಡಿ," ಎಂದಳು ಟೀಚರ್.

"ಯಾರೂ ಏನೂ ಅನ್ನಂಗಿಲ್ಲ, ಖರೆ. ನನ್ನ ಕಾಲೇ ಏಳಂಗಿಲ್ಲ ತಂಗಿ. ಏಳು ಅಂತ ಯಾರರ ಅಂದಾರು ಅನಿಸ್ತದ."

ಕಾಕಾ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ನನಗೆ ಸಿಟ್ಟು ಬಂತು. ಬೆನ್ನು ಹತ್ತಿ ಹೋಗಿ, "ಕಾಕಾ, ಬಾವಿ ಕಟ್ಟಿಗಿ ಯಾರೂ ಪರವಾನಗಿ ಕೇಳಂಗಿಲ್ಲ. ಇವತ್ತೊಂದಿನ ಬಿಡ್ರಿ," ಎಂದೆ.

"ನೀ ಸುಮ್ಕಿರು," ಎಂದು ಅವರು ಪಂಚಾಯಿತಿ ಕಚೇರಿ ಹೊಕ್ಕರು. ಅಲ್ಲಿದ್ದ ಯುವ ಅಧಿಕಾರಿಯೂ ನಾನು ಹೇಳಿದ್ದನ್ನೇ ಹೇಳಿದ. "ಸಾರ್ವಜನಿಕ ಜಾಗಾ ಅದರಿ. ಎಲ್ಲರದೂ. ಅದಕ್ಕೆಂಥ ಪರವಾನಗಿ?"

"ಅದನ್ನೇ ಬರದು ಕೊಡ್ರಿ," ಎಂದರು ಕಾಕಾ. "ಆಕಿ ಹೆಸರು ಹಾಕಿ ಬರೀರಿ."

ಅಧಿಕಾರಿ ನಕ್ಕ. ಕಾಕಾ ನಗಲಿಲ್ಲ. ಆಯಿ ನೀರಿಗೆ ನಿಲ್ಲುತ್ತಿದ್ದ ಸಂಗತಿಯನ್ನು ನಿಧಾನವಾಗಿ ಹೇಳಿದರು. ಕೇಳುತ್ತ ಕೇಳುತ್ತ ಅಧಿಕಾರಿ ನೆಟ್ಟಗೆ ಕೂತ. ಆಮೇಲೆ ಕಚೇರಿಯ ಹಾಳೆ ತೆಗೆದು ತನ್ನ ಕೈಯಾರೆ ಬರೆದ.

ಮನೆಗೆ ಬಂದು ಕಾಕಾ ಅದನ್ನು ಆಯಿಯ ಮುಂದೆ ನಿಂತು ಗಟ್ಟಿಯಾಗಿ ಓದಿದರು. ಬಾವಿಯ ಕಟ್ಟೆಯ ಮೇಲೆ ಇವರು ಎಷ್ಟು ಹೊತ್ತು ಬೇಕಾದರೂ ಕುಳಿತುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಾಗಿಲ್ಲ ಎಂದು ಅದರಲ್ಲಿತ್ತು. ಆಯಿಗೆ ಓದು ಬರುವುದಿಲ್ಲ.

"ನನ್ನ ಹೆಸರು ಎಲ್ಲದ?" ಎಂದು ಕೇಳಿದಳು. ಕಾಕಾ ತೋರಿಸಿದರು. ಅಕ್ಷರದ ಮೇಲೆ ಬೆರಳಿಟ್ಟುಕೊಂಡೇ, "ಶಿಕ್ಕಾ?" ಎಂದಳು. ದುಂಡನೆಯ ನೀಲಿ ಮುದ್ರೆಯನ್ನೂ ತೋರಿಸಿದರು. ಅವಳು ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದಳು.

ಕಟ್ಟೆಯ ಮೂರು ಮೆಟ್ಟಿಲು ಹತ್ತಲು ತುಂಬ ಹೊತ್ತು ಹಿಡಿಯಿತು. ಹತ್ತಿದವಳು ಅಂಚಿನಲ್ಲಿ ಕೂರಲಿಲ್ಲ, ನಟ್ಟನಡುವೆ ಕೂತಳು. ದಾರಿಯಲ್ಲಿ ಹೊರಟಿದ್ದ ಒಬ್ಬಿಬ್ಬರು ನಿಂತು ನೋಡಿದರು. ಒಬ್ಬಳು ಕೈ ಬೀಸಿದಳು. ಕಾಕಾ ನಾಲ್ಕೇ ನಾಲ್ಕು ಫೋಟೊ ತೆಗೆದು, ಕ್ಯಾಮೆರಾ ಚೀಲದಲ್ಲಿಟ್ಟರು.

ಕೆಲಸ ಮುಗಿದಿತ್ತು. ಆಯಿ ಏಳಲಿಲ್ಲ. ಟೀಚರ್ ಕರೆಯಲು ಹೋದಾಗ ಕಾಕಾ ಬೇಡವೆಂದು ಕೈ ಅಡ್ಡ ಹಿಡಿದರು. ತಾವು ಕಟ್ಟೆಯ ಕೆಳಗೆ ಮಣ್ಣಿನಲ್ಲೇ ಕೂತರು, ಹಿಂದೆ ಆಯಿಯ ಓಣಿಯ ಹೆಂಗಸರು ಕೊಡ ಇಟ್ಟುಕೊಂಡು ಕಾಯುತ್ತಿದ್ದ ಕಡೆ. ಬಿಸಿಲು ಅವರ ಬೋಳು ತಲೆಗೆ ನೇರವಾಗಿ ಬೀಳುತ್ತಿತ್ತು.

ಎಷ್ಟೋ ಹೊತ್ತಾದ ಮೇಲೆ ಆಯಿ ಬಗ್ಗಿ ನೋಡಿದಳು.

"ಅಲ್ಲ್ಯಾಕ ಕುಂತೀರಿ ಯಪ್ಪಾ, ಬಿಸಲಾಗ? ಮ್ಯಾಲ ಬರ್ರಿ," ಎಂದು, ಸೀರೆಯನ್ನು ತನ್ನತ್ತ ಎಳೆದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಕಾಕಾ ಎದ್ದು, ಚಪ್ಪಲಿ ಕಳಚಿ, ಮೆಟ್ಟಿಲು ಹತ್ತಿದರು.