ಶನಿವಾರದ ಕಿಡಿ

ಇಷ್ಟಕ್ಕೆಲ್ಲ ಕಾರಣ ಪೆಪ್ಪರ್‌ಮಿಂಟ್ ಸುತ್ತಿದ್ದ ಒಂದು ಕಾಗದದ ಚೂರು.

ಏಪ್ರಿಲ್‌ನ ಒಂದು ಶನಿವಾರ, ಯಾರೂ ನೋಡದಿದ್ದಾಗ, ವಿಲ್‌ಫ್ರೆಡ್ ಟ್ಯಾಪ್‌ಸ್ಕಾಟ್ ಅದನ್ನು ಹುಲ್ಲು ಕತ್ತರಿಸುವ ತನ್ನ ಹಳೆಯ ಪೆಟ್ರೋಲ್ ಯಂತ್ರದೊಳಗೆ ಸೇರಿಸಿದ್ದ. ಎಂಜಿನ್ನಿನ ತಗಡಿನ ಮುಚ್ಚಳ ತೆಗೆದರೆ ಒಂದು ದಪ್ಪ ಚಕ್ರ. ಆ ಚಕ್ರದ ಕಿಂಡಿಯಲ್ಲಿ ಇಣುಕಿದರೆ ಎರಡು ಪುಟ್ಟ ಪಾಯಿಂಟುಗಳು. ಅವು ಒಂದನ್ನೊಂದು ಮುಟ್ಟಿ ಬಿಟ್ಟರೆ ಪ್ಲಗ್ಗಿನಲ್ಲಿ ಕಿಡಿ. ನಡುವೆ ಕಾಗದ ಕೂತರೆ ಕಿಡಿಯಿಲ್ಲ. ಯಂತ್ರ ಕೆಟ್ಟು ಕೂತರೆ, ಸಾಮರ್‌ಸೆಟ್‌ನ ನಮ್ಮ ಹಳ್ಳಿಯಲ್ಲಿ, ಗಂಡಸು ಶನಿವಾರವಿಡೀ ತೋಟದ ಶೆಡ್ಡಿನಲ್ಲಿ ಇರಬಹುದು. ಯಾಕೆ ಎಂದು ಯಾರೂ ಕೇಳುವುದಿಲ್ಲ. ರೋಗಿಯ ಪಕ್ಕದಲ್ಲಿ ಕೂತವನಿಗೆ ಸಿಗುವ ಮರ್ಯಾದೆಯೇ ಅವನಿಗೂ ಸಿಗುತ್ತದೆ.

ಶೆಡ್ಡಿನಲ್ಲಿ ವಿಲ್‌ಫ್ರೆಡ್ ಏನೂ ಮಾಡುತ್ತಿರಲಿಲ್ಲ. ಅದೇ ಅವನ ಸುಖ. ಮೊಳೆ ತುಂಬಿದ ಜಾಮ್ ಸೀಸೆಗಳನ್ನು ಹಾದು ಬಿಸಿಲು ಜೇನಿನ ಬಣ್ಣವಾಗಿ ನೆಲಕ್ಕೆ ಇಳಿಯುತ್ತಿತ್ತು. ಹೊರಗೆ ಹುಲ್ಲು ಮೊಣಕಾಲೆತ್ತರ ಬೆಳೆದು, ಹಳದಿ ಹೂ ಬಿಟ್ಟು, ಗಾಳಿಗೆ ಕೆರೆಯ ನೀರಿನಂತೆ ತೂಗುತ್ತಿತ್ತು. ಹರಿದ ಕುರ್ಚಿಯಲ್ಲಿ ಒರಗಿದರೆ ಶೆಡ್ಡೇ ದೋಣಿಯಾಗಿ ಆ ನೀರಿನ ಮೇಲೆ ಮೆಲ್ಲಗೆ ತೇಲಿಹೋಗುತ್ತಿತ್ತು. ಎಲ್ಲಿಗೆ ಎಂದು ಅವನೂ ಕೇಳುತ್ತಿರಲಿಲ್ಲ.

ನಡುನಡುವೆ ಹೆಂಡತಿ ವಿನಿಫ್ರೆಡ್ ಚಹಾ ತಂದಿಟ್ಟು, ಜೊತೆಗೊಂದು ಕೇಕಿನ ತುಂಡಿಟ್ಟು, "ಪಾಪ, ಎಷ್ಟು ಒದ್ದಾಡ್ತೀಯ" ಎಂದು ತಲೆ ಸವರಿ ಹೋಗುತ್ತಿದ್ದಳು. ಆ ಕೇಕು ಗಂಟಲಲ್ಲಿ ಇಳಿಯುವಾಗ ಮಾತ್ರ ವಿಲ್‌ಫ್ರೆಡ್‌ಗೆ ಸ್ವಲ್ಪ ಚುಚ್ಚುತ್ತಿತ್ತು. ನಿಜ ಗೊತ್ತಾದರೆ ಆ ಕೈ ಇನ್ನೊಮ್ಮೆ ತಲೆ ಸವರೀತೇ?

ಅವಳ ಕರುಣೆ ಮೇ ತಿಂಗಳ ಈ ಶನಿವಾರ ಮಿತಿಮೀರಿತು. ಬೆಳಿಗ್ಗೆಯೇ ಅವಳು ಇಬ್ಬರನ್ನು ಕರೆತಂದಳು: ಪಕ್ಕದ ಮನೆಯ ಲೆನರ್ಡ್ ಹಾಕಿಂಗ್, ಎದುರು ಮನೆಯ ಮಿಸ್ ಟ್ರೆಮ್ಲೆಟ್. ಮಿಸ್ ಟ್ರೆಮ್ಲೆಟ್ ನಿವೃತ್ತ ಭೌತಶಾಸ್ತ್ರದ ಟೀಚರು. ಕೈಯಲ್ಲಿ ಟಾರ್ಚು, ಕಣ್ಣಲ್ಲಿ ಪರೀಕ್ಷೆಯ ದಿನದ ಹೊಳಪು.

"ಒಬ್ಬನೇ ಎಷ್ಟು ಅಂತ ಹೆಣಗ್ತಾನೆ? ನೀವೂ ಸ್ವಲ್ಪ ನೋಡಿ" ಎಂದಳು ವಿನಿಫ್ರೆಡ್.

"ಅಯ್ಯೋ, ನಿಮಗೆಲ್ಲ ಯಾಕೆ ತೊಂದರೆ..." ಎಂದ ವಿಲ್‌ಫ್ರೆಡ್. ಅವನ ದೋಣಿಗೆ ನೀರು ನುಗ್ಗತೊಡಗಿತ್ತು.

"ತೊಂದರೆ ಏನು ಬಂತು ಮಾರಾಯ! ಇದು ಪ್ಲಗ್ಗೇ" ಎಂದ ಲೆನರ್ಡ್. ಅವನ ಯಂತ್ರವೂ ಕಳೆದ ಶರತ್ಕಾಲದಿಂದ ಕೆಟ್ಟು ಕೂತಿತ್ತು. ಹಾಗಾಗಿ ಅವನ ಮಾತಿನಲ್ಲಿ ಅನುಭವವಿತ್ತು.

ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು ಹಗ್ಗ ಎಳೆದರು. ಮೂವರೂ ತೊಟ್ಟಿಲ ಮಗುವನ್ನು ನೋಡುವಂತೆ ಬಗ್ಗಿ ನೋಡಿದರು. ಕಿಡಿಯಿಲ್ಲ. ಹೊಸ ಪ್ಲಗ್ ಹಾಕಿದರು. ಇಲ್ಲ.

"ಹಾಗಾದ್ರೆ ಪ್ಲಗ್ಗಿನ ವೈರು" ಎಂದ ಲೆನರ್ಡ್. ತುದಿ ಕತ್ತರಿಸಿ ಮತ್ತೆ ಜೋಡಿಸಿದರು. ಇಲ್ಲ.

"ಎಂಜಿನ್ ನಿಲ್ಲಿಸೋ ಸ್ವಿಚ್ಚಿನ ವೈರು ಎಲ್ಲೋ ತಗಡಿಗೆ ತಾಗ್ತಿರಬೇಕು." ಆ ವೈರನ್ನೇ ಕಳಚಿಟ್ಟರು. ಆಗಲೂ ಇಲ್ಲ. ಲೆನರ್ಡ್ ಹಗ್ಗ ಎಳೆದ ರಭಸಕ್ಕೆ ಹಿಂದಕ್ಕೆ ಬಿದ್ದು, ವಿನಿಫ್ರೆಡ್‌ಳ ಗುಲಾಬಿ ಗಿಡದಲ್ಲಿ ಕೂತು, ಕೂತಷ್ಟೇ ಬೇಗ ಎದ್ದ.

ಮಿಸ್ ಟ್ರೆಮ್ಲೆಟ್ ಕನ್ನಡಕ ಸರಿಮಾಡಿಕೊಂಡರು. "ಇನ್ನು ಉಳಿದಿರೋದು ಪಾಯಿಂಟು. ಮುಚ್ಚಳ ಬಿಚ್ಚೋಣ."

ವಿಲ್‌ಫ್ರೆಡ್ ಯಂತ್ರಕ್ಕೆ ಅಡ್ಡ ಬಂದು ನಿಂತ. ಆದರೆ ಅವನಿಗಿಂತ ಮೊದಲು ಬಾಯಿಬಿಟ್ಟವನು ಲೆನರ್ಡ್.

"ಪಾಯಿಂಟಾ! ಬೇಡಾರೀ. ಅದನ್ನ ಮಾತ್ರ ಮುಟ್ಟಬಾರದು. ಮುಟ್ಟಿದ್ರೆ ಮಿಷನ್ ಕತೆ ಮುಗೀತು."

"ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತು."

"ನನಗೆ ಗೊತ್ತಿಲ್ಲ ಮಿಸ್ಟರ್ ಹಾಕಿಂಗ್. ಸ್ಕ್ರೂಡ್ರೈವರ್ ಕೊಡಿ."

ಮುಚ್ಚಳ ಬಂತು. ಚಕ್ರ ಕಂಡಿತು. ಮಿಸ್ ಟ್ರೆಮ್ಲೆಟ್ ಟಾರ್ಚು ಹೊತ್ತಿಸಿ ಬಗ್ಗಿದರು. ಅದೇ ಹೊತ್ತಿಗೆ ವಿನಿಫ್ರೆಡ್ ಚಹಾ, ಹಾಲು ಇಟ್ಟ ತಟ್ಟೆ ತಂದಳು. "ನಾನು ಹಿಡ್ಕೊಳ್ತೀನಿ" ಎಂದು ಧಾವಿಸಿದ ಲೆನರ್ಡ್, ಹಾಲಿನ ಜಗ್ಗನ್ನು ಪೂರ್ತಿಯಾಗಿ ಮಿಸ್ ಟ್ರೆಮ್ಲೆಟ್ ಅವರ ಲಂಗದ ಮೇಲೆ ಕವುಚಿದ.

"ಅಯ್ಯಯ್ಯೋ, ಕ್ಷಮಿಸಿ! ವಿನಿಫ್ರೆಡ್, ಬಟ್ಟೆ! ಬಟ್ಟೆ ತಾ!"

ಆ ಗದ್ದಲದಲ್ಲಿ ವಿಲ್‌ಫ್ರೆಡ್ ಕಿಂಡಿಗೆ ಬೆರಳು ತೂರಿಸಿ ಕಾಗದವನ್ನು ಸೆಳೆದು, ಇಡಲು ಬೇರೆ ಜಾಗ ತೋಚದೆ ಬಾಯಿಗೆ ಹಾಕಿಕೊಂಡ. ಅದರಲ್ಲಿ ಇನ್ನೂ ಪೆಪ್ಪರ್‌ಮಿಂಟಿನ ವಾಸನೆಯಿತ್ತು.

"ಏನಾದ್ರೂ ಕಂಡಿತಾ?" ಲಂಗ ಹಿಂಡುತ್ತ ಮಿಸ್ ಟ್ರೆಮ್ಲೆಟ್ ಕೇಳಿದರು.

"ಮ್ಮ್" ಎಂದು ವಿಲ್‌ಫ್ರೆಡ್ ತಲೆಯಾಡಿಸಿ ನುಂಗಿದ. "ಸ್ವಲ್ಪ... ಧೂಳು. ಒರೆಸಿದೆ."

ಪ್ಲಗ್ಗು, ವೈರು, ಮುಚ್ಚಳ ಎಲ್ಲ ಮತ್ತೆ ಜೋಡಿಸಿದರು. ಹಗ್ಗ ಎಳೆದವಳು ವಿನಿಫ್ರೆಡ್. ಒಂದೇ ಎಳೆತಕ್ಕೆ ಯಂತ್ರ ಗುಡುಗಿತು. ಚರ್ಚಿನ ಗೋಪುರದ ಕಾಗೆಗಳೆಲ್ಲ ಎದ್ದು ಹಾರಿದವು. ಶೆಡ್ಡಿನ ಸೀಸೆಗಳು ಹಲ್ಲು ಕಡಿದವು. ವಿನಿಫ್ರೆಡ್ ಎರಡೂ ಕೈಯಲ್ಲಿ ಗಂಡನ ಮುಖ ಹಿಡಿದು, "ನನಗೆ ಗೊತ್ತಿತ್ತು, ನೀನು ಬಿಡೋನಲ್ಲ ಅಂತ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ವಿಲ್‌ಫ್ರೆಡ್ ಆ ಹಳದಿ ಹೂಗಳ ಕಡೆ ಒಮ್ಮೆ ನೋಡಿ, ಹಿಡಿಕೆ ಹಿಡಿದ.

ಸಂಜೆಯ ಹೊತ್ತಿಗೆ ಹುಲ್ಲು ಒಪ್ಪವಾಗಿತ್ತು, ಅವನ ಬೆನ್ನು ಡೊಂಕಾಗಿತ್ತು. ಇನ್ನೇನು ಕುರ್ಚಿಗೆ ಒರಗಬೇಕು, ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಲೆನರ್ಡ್‌ನ ಹೆಂಡತಿ ಫಿಲಿಸ್ ತಮ್ಮ ಯಂತ್ರವನ್ನು ತಳ್ಳಿಕೊಂಡು ಬಂದಿದ್ದಳು. ಹಿಂದೆ ಲೆನರ್ಡ್, ಸ್ನಾನಕ್ಕೆ ಎಳೆದು ತಂದ ನಾಯಿಯಂತೆ.

"ವಿಲ್‌ಫ್ರೆಡ್, ನಿನ್ನ ಕೈಗುಣ ಚೆನ್ನಾಗಿದೆಯಂತೆ. ಇದನ್ನೂ ಒಂಚೂರು ನೋಡಪ್ಪ. ನಮ್ಮ ಲೆನ್ ಚಳಿಗಾಲವೆಲ್ಲ ಶೆಡ್ಡಲ್ಲಿ ಕೂತು ಬಡಕೊಂಡಿದ್ದಾನೆ. ಸೊರಗಿಹೋಗಿದ್ದಾನೆ ನೋಡು."

ಸೊರಗಿದ ಲೆನರ್ಡ್ ಹೊಟ್ಟೆ ಒಳಗೆಳೆದುಕೊಂಡ.

ವಿಲ್‌ಫ್ರೆಡ್ ಮುಚ್ಚಳ ಬಿಚ್ಚಿದ. ಕಿಂಡಿಗೆ ಟಾರ್ಚು ಹಿಡಿದ. ಎರಡು ಪಾಯಿಂಟುಗಳ ನಡುವೆ, ಅಂದವಾಗಿ ಮಡಚಿದ ಟಾಫಿ ಕಾಗದವೊಂದು ಚಿನ್ನದಂತೆ ಮಿನುಗಿತು.

ಅವನು ತಲೆ ಎತ್ತಿದ. ಲೆನರ್ಡ್‌ನ ಮುಖದಲ್ಲಿ ರಕ್ತವಿರಲಿಲ್ಲ. ಹಾಲಿನ ಜಗ್ಗು ಯಾಕೆ ಕವುಚಿತೆಂದು ಈಗ ಗೊತ್ತಾಯಿತು. ಪಾಯಿಂಟಿನ ಗುಟ್ಟು ಈ ಓಣಿಯ ಹೆಂಗಸರಿಗೆ ತಿಳಿಯದಿರಲೆಂದೇ ಅದು ಕವುಚಿತ್ತು.

"ಏನಾದ್ರೂ ಸಿಕ್ತಾ?" ಎಂದಳು ಫಿಲಿಸ್.

ಚೆಲ್ಲಿದ ಹಾಲಿನ ಋಣ ತೀರಿಸಬೇಕು ಎನಿಸಿತು ವಿಲ್‌ಫ್ರೆಡ್‌ಗೆ. ಅವನು ಮೆಲ್ಲಗೆ ಮುಚ್ಚಳ ಮುಚ್ಚಿದ. "ಇದು ಕಷ್ಟ ಫಿಲಿಸ್. ಒಳಗಿನ ಕಾಯಿಲೆ. ಬೇಸಿಗೆ ಪೂರ್ತಿ ಹಿಡಿದ್ರೂ ಹಿಡಿಯಬಹುದು. ಲೆನರ್ಡ್ ಹತ್ತಿರವೇ ಕೂತು ನೋಡ್ಕೋಬೇಕು."

ಲೆನರ್ಡ್‌ಗೆ ಉಸಿರು ಬಂತು.

"ಅಲ್ಲಿವರೆಗೆ ನಮ್ಮ ಹುಲ್ಲು?" ಫಿಲಿಸ್‌ಳ ದನಿ ಒಡೆಯಿತು.

"ಅಳಬೇಡ್ವೇ" ಎಂದು ವಿನಿಫ್ರೆಡ್ ಅವಳ ಹೆಗಲು ಬಳಸಿದಳು. ಕಷ್ಟದಲ್ಲಿರುವವರನ್ನು ನೋಡಿ ಸುಮ್ಮನಿರುವ ಜೀವವೇ ಅಲ್ಲ ಅದು. "ನಮ್ಮ ವಿಲ್‌ಫ್ರೆಡ್ ಇದ್ದಾನಲ್ಲ. ಪ್ರತಿ ಶನಿವಾರ ಎರಡೂ ಕಡೆ ಕತ್ತರಿಸ್ತಾನೆ. ಈಗಲೇ ಶುರು ಮಾಡಲಿ, ಇನ್ನೂ ಬೆಳಕಿದೆ."

ಮೇ ತಿಂಗಳ ಸಂಜೆ ನಮ್ಮಲ್ಲಿ ಬೇಗ ಮುಗಿಯುವುದಿಲ್ಲ. ಬೆಳಕು ಜೇನಿನ ಬಣ್ಣಕ್ಕೆ ತಿರುಗಿ ಹಾಕಿಂಗ್ ಮನೆಯ ಶೆಡ್ಡಿನೊಳಗೆ ಇಳಿಯುತ್ತಿತ್ತು. ಒಳಗೆ ಲೆನರ್ಡ್‌ನ ದೋಣಿ ತೇಲುತ್ತಿತ್ತು. ಹೊರಗೆ ವಿಲ್‌ಫ್ರೆಡ್ ಗುಡುಗುವ ಯಂತ್ರ ತಳ್ಳುತ್ತ ಹೋಗಿ, ತಿರುಗಿ ಬರುತ್ತಿದ್ದ. ಶೆಡ್ಡಿನ ಕಿಟಕಿ ದಾಟುವಾಗ ನೋಡಿದರೆ, ಕಟ್ಟೆಯ ಮೇಲೆ ಅವನಿಗೆಂದೇ ಒಂದು ಟಾಫಿ ಇಟ್ಟಿತ್ತು.

ಕಾಗದ ಬಿಚ್ಚಿದ್ದ ಟಾಫಿ.