ನಲವತ್ತನೇ ಸೀಟು

ಜೆರ್ವಾಸಿಯೊ ಅವರ ಮುಖಕ್ಕೆ ಯಾರೂ ಬಣ್ಣ ಬಳಿಯಲಿಲ್ಲ. ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಇಷ್ಟೇ.

ಮಧ್ಯಾಹ್ನ ಒಂದು ಗಂಟೆ. ಸೆರಾಲ್ವಾ ಪಟ್ಟಣದ ವಿಶ್ವವಿದ್ಯಾಲಯದ ಗೇಟಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೊಸದಾಗಿ ಸೀಟು ಸಿಕ್ಕವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಹಿರಿಯ ವಿದ್ಯಾರ್ಥಿಗಳು ಬಕೆಟ್ಟು ಹಿಡಿದು ಕಾದಿದ್ದು ಅವರ ತಲೆಗೆ ಮೈದಾಹಿಟ್ಟು ಸುರಿದು, ಕೆನ್ನೆಗೆ ನೀಲಿ ಹಸಿರು ಬಳಿದು, ಬೂಟು ಕಿತ್ತುಕೊಂಡು ಸಿಗ್ನಲ್ಲಿಗೆ ಭಿಕ್ಷೆ ಬೇಡಲು ಅಟ್ಟುತ್ತಿದ್ದರು. ಬ್ರೆಜಿಲಿನಲ್ಲಿ ಮಗ ಕಾಲೇಜು ಸೇರಿದ ಎಂದು ಊರಿಗೆಲ್ಲ ಗೊತ್ತಾಗುವುದೇ ಹೀಗೆ. ಬರಿಗಾಲಲ್ಲಿ ಬಿಸಿಲಿಗೆ ಓಡುವ ಮಕ್ಕಳ ಫೋಟೋ ತೆಗೆದು ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಐವತ್ತೆಂಟರ ಜೆರ್ವಾಸಿಯೊ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಕೆನ್ನೆಯನ್ನು ತುಸು ಮುಂದಕ್ಕೇ ಒಡ್ಡಿಕೊಂಡು ಬಂದರೆ, ಒಬ್ಬ ಹುಡುಗ ಬಕೆಟ್ಟನ್ನು ಬೆನ್ನ ಹಿಂದೆ ಮುಚ್ಚಿಟ್ಟು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ.

"ಪೇರೆಂಟ್ಸ್ ಎಲ್ಲ ನೆರಳಲ್ಲಿ ಕೂತ್ಕೊಳ್ಳಿ ಅಂಕಲ್. ಕುಡಿಯೋಕೆ ನೀರು ತರ್ಲಾ?"

ಜೆರ್ವಾಸಿಯೊಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಅವರೇನು ಸಾಮಾನ್ಯ ಆಸಾಮಿಯಲ್ಲ. ಊರಿನ ಅರ್ಧದಷ್ಟು ಮನೆಗಳ ಬೆಳಗಿನ ಕಾಫಿಗೆ ಚೀಸ್ ಬನ್ನು ಹೋಗುವುದು ಅವರ ಫ್ಯಾಕ್ಟರಿಯಿಂದ. ಅಮ್ಮನ ಒಲೆಯ ಮುಂದೆ ಮರಗೆಣಸಿನ ಹಿಟ್ಟು ನಾದುತ್ತ ಶುರುವಾದ ಬದುಕು. ಓದು ಏಳನೇ ತರಗತಿಗೇ ನಿಂತಿತ್ತು. ಆದರೆ ಆ ಊರಲ್ಲಿ ದೊಡ್ಡ ಕಾರಿನ ಹಿಂದಿನ ಸೀಟಿನಲ್ಲಿ ಕೂತವರೆಲ್ಲ ಡಾಕ್ಟ್ರೇ. ಬ್ಯಾಂಕಿನವನು, ಕ್ಷೌರದವನು, ಪಾರ್ಕಿಂಗ್ ಕಾಯುವವನು, ಎಲ್ಲರೂ ಡಾಕ್ಟ್ರೇ ಡಾಕ್ಟ್ರೇ ಅನ್ನುವವರು. ಹಾಗನ್ನಿಸಿಕೊಂಡಾಗಲೆಲ್ಲ ಜೆರ್ವಾಸಿಯೊಗೆ ಮದುವೆಮನೆಯಲ್ಲಿ ಎರವಲು ಕೋಟು ಹಾಕಿಕೊಂಡು ನಿಂತಂತೆ ಮುಜುಗರವಾಗುತ್ತಿತ್ತು. ಓದಿದ ವಕೀಲರಿಗೂ ಅಲ್ಲಿ ಡಾಕ್ಟ್ರೇ ಅನ್ನುವುದು ವಾಡಿಕೆ; ಯಾರೂ ಪ್ರಶ್ನೆ ಮಾಡದ ಅಂಥದೊಂದು ಪದವಿಯಾದರೂ ತನಗಿರಲಿ ಎಂದು ಅವರು ರಾತ್ರಿಶಾಲೆಯಲ್ಲಿ ಹೈಸ್ಕೂಲು ಮುಗಿಸಿ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂತರು. ಓದಲು ಬಿಡುವಿದ್ದದ್ದು ಕಾರಿನಲ್ಲಿ ಮಾತ್ರ. ಡ್ರೈವರ್ ಜುರಾಂಡಿರ್ ಸಿಗ್ನಲ್ಲು ಬಿದ್ದಾಗಲೆಲ್ಲ ಗೈಡು ತೆರೆದು ಪ್ರಶ್ನೆ ಓದುವುದು, ಇವರು ಹಿಂದಿನ ಸೀಟಿನಿಂದ ಉತ್ತರ ಹೇಳುವುದು. ಎಂಟು ತಿಂಗಳು ಹೀಗೆ ನಡೆಯಿತು.

ಸಂಜೆ ತರಗತಿಗೆ ನಲವತ್ತು ಸೀಟು. ಪಟ್ಟಿಯಲ್ಲಿ ನಲವತ್ತನೆಯ ಹೆಸರು ಜೆರ್ವಾಸಿಯೊ ಅವರದು. ಆ ದಿನ ಸಂಜೆ ಐದರೊಳಗೆ ಮೂಲ ದಾಖಲೆ ತೋರಿಸಿ ಸಹಿ ಹಾಕಬೇಕು. ಇಲ್ಲದಿದ್ದರೆ ಐದಕ್ಕೆ ಸರಿಯಾಗಿ ಕಾಯುವ ಪಟ್ಟಿಯ ಮೊದಲ ಹೆಸರು ಕೂಗುತ್ತಾರೆ. ಜುರಾಂಡಿರ್ ಅವರನ್ನು ಗೇಟಿಗೆ ಬಿಟ್ಟು, ತನಗೂ ಯಾವುದೋ ಕಾಗದ ಪತ್ರದ ಕೆಲಸವಿದೆಯೆಂದು ಅರ್ಧ ದಿನ ರಜೆ ಕೇಳಿ ಹೋಗಿದ್ದ. ಸಹಿ ಹಾಕುವ ಕೌಂಟರು ನೂರು ಹೆಜ್ಜೆ ದೂರದಲ್ಲಿತ್ತು. ಇನ್ನೂ ನಾಲ್ಕು ತಾಸು ಸಮಯವಿತ್ತು. ಬೇರೆ ಯಾರಾದರೂ ಆಗಿದ್ದರೆ ನೀರು ಕುಡಿದು, ಸಹಿ ಹಾಕಿ, ಮನೆಗೆ ಹೋಗುತ್ತಿದ್ದರು.

"ನಾನು ಪೇರೆಂಟ್ ಅಲ್ಲ ಕಣಯ್ಯ. ನಾನೇ ಹೊಸ ಸ್ಟೂಡೆಂಟು," ಎಂದರು ಜೆರ್ವಾಸಿಯೊ, ಗೇಟಿಗೆಲ್ಲ ಕೇಳುವ ಹಾಗೆ.

ಪೇರೆಂಟ್ ಅಲ್ಲವೆಂದದ್ದು ಪೂರ್ತಿ ನಿಜವಲ್ಲ. ಅದೇ ಬಕೆಟ್ಟುಗಳ ನಡುವೆ, ಕೈಯಲ್ಲಿ ಹಸಿರು ಬ್ರಷ್ ಹಿಡಿದು, ಕಾನೂನಿನ ಮೂರನೇ ವರ್ಷದಲ್ಲಿದ್ದ ಅವರ ಏಕೈಕ ಮಗಳು ತೈನಾರಾ ನಿಂತಿದ್ದಳು. ಅಪ್ಪ ಓದುವುದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಕಾಲೇಜಿನಲ್ಲಿ ತಾನು ಯಾರೋ, ಅವರು ಯಾರೋ ಎಂದು ಮೊದಲೇ ಕರಾರಾಗಿತ್ತು. ಈಗ ಅವಳು ಹತ್ತಿರ ಬಂದು, ತುಟಿ ಅಲ್ಲಾಡಿಸದೆ, ಸೀದಾ ಹೋಗಿ ಸಹಿ ಹಾಕಿ ಮನೆಗೆ ಹೋಗಪ್ಪ ಎಂದು ಪಿಸುಗುಟ್ಟಿದಳು. ಎಲ್ಲರಿಗೂ ಇರುವುದು ತನಗೂ ಇರಲಿ ಎಂದು ಅಪ್ಪ ಹಟ ಹಿಡಿದರು. ಅಷ್ಟರಲ್ಲಿ ಕುರ್ಚಿ ತಂದಿದ್ದ ಹುಡುಗ ಸುದ್ದಿ ಹಬ್ಬಿಸಿದ್ದ. ಐವತ್ತೆಂಟರ ಹೊಸಬನೆಂದರೆ ಸುಮ್ಮನೆಯೇ? ಮೂರು ವಿಭಾಗದವರು ಓಡಿ ಬಂದರು.

ಎರಡು ನಿಮಿಷದಲ್ಲಿ ಜೆರ್ವಾಸಿಯೊ ಮುಖ ಯಾವುದು, ಕುತ್ತಿಗೆ ಯಾವುದು ಗೊತ್ತಾಗದಂತಾದರು. ಇಟಲಿ ಬೂಟು ಹೋಯಿತು, ಬೆಲ್ಟು ಹೋಯಿತು. ದಾಖಲೆ, ಫೋನು, ಪರ್ಸು ಎಲ್ಲ ಇದ್ದ ಚೀಲವನ್ನೂ ತೆಗೆದಿಟ್ಟುಕೊಂಡರು. ಕೈಗೊಂದು ಟೋಪಿ ಕೊಟ್ಟು, ಅದರ ತುಂಬ ಚಿಲ್ಲರೆ ತಂದರೆ ವಾಪಸು ಎಂದರು. ಸ್ವಂತ ದುಡ್ಡು ಹಾಕುವ ಹಾಗಿಲ್ಲ, ಬೇಡಿಯೇ ತರಬೇಕು. ಹಿಟ್ಟು ಮೆತ್ತಿದ ಹುಬ್ಬಿನಡಿ ಅವರ ಕಣ್ಣು ಫಳಫಳ ಹೊಳೆಯುತ್ತಿತ್ತು. ಇಷ್ಟು ಸಂತೋಷ ಅವರಿಗೆ ಮೊದಲ ಒಲೆ ಕೊಂಡ ದಿನವೂ ಆಗಿರಲಿಲ್ಲ.

ಸಿಗ್ನಲ್ಲಿನಲ್ಲಿ ಆ ಸಂತೋಷ ಸ್ವಲ್ಪ ಇಳಿಯಿತು. ಹದಿನೆಂಟರ ಹುಡುಗಿಯರು ಕೈ ಚಾಚಿದರೆ ಕಾರಿನವರು ಯಾವ ಕೋರ್ಸು ಪುಟ್ಟಿ ಎಂದು ನಗುತ್ತ ಕೊಡುತ್ತಿದ್ದರು. ಜೆರ್ವಾಸಿಯೊ ಕೈ ಚಾಚಿದರೆ ಕಿಟಕಿಗಳು ಮೇಲೇರುತ್ತಿದ್ದವು. ಯಾವನೋ ಕುಡುಕ ಮಕ್ಕಳ ಮಧ್ಯೆ ಸೇರಿಕೊಂಡು ಭಿಕ್ಷೆ ಎತ್ತುತ್ತಿದ್ದಾನೆಂದು ಜನ ತಿಳಿದರು. ಒಬ್ಬಾಕೆ, ಈ ವಯಸ್ಸಲ್ಲಿ ಮೈ ಬಗ್ಗಿಸಿ ದುಡಿಯಬಾರದೇ ಎಂದು ಬುದ್ಧಿ ಹೇಳಿದಳು. ಮೂರಾಗುವ ಹೊತ್ತಿಗೆ ಅವರ ಟೋಪಿಯಲ್ಲಿ ಎರಡು ನಾಣ್ಯ, ಒಂದು ಪೆಪ್ಪರಮೆಂಟು ಇದ್ದವು. ಕಾದ ಡಾಂಬರಿನ ಮೇಲೆ ಅವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದರು.

ಆಗ ಬಂತು ಅವರದೇ ಫ್ಯಾಕ್ಟರಿಯ ವ್ಯಾನು.

ವ್ಯಾನಿನವನು ಮೊದಲು ಗುರುತಿಸಿದ್ದು ಯಜಮಾನರ ಧ್ವನಿಯನ್ನು. ಆಮೇಲೆ ಕುಣಿಯುವ ಪಾದ, ಚಾಚಿದ ಟೋಪಿ ನೋಡಿದ. ಜೆರ್ವಾಸಿಯೊ ಖುಷಿಯಿಂದ, "ಏನಾದ್ರೂ ಹಾಕೋ ಮಾರಾಯ, ಐದರೊಳಗೆ ಟೋಪಿ ತುಂಬಬೇಕು," ಎಂದರೆ, ಅವನು ಬಿಸಿ ಬನ್ನಿನ ಪೊಟ್ಟಣವೊಂದನ್ನು ಅವರ ಕೈಗಿತ್ತು, ಕಣ್ಣು ತುಂಬಿಕೊಂಡು, ಹಸಿರು ದೀಪ ಬಿದ್ದದ್ದೇ ಗಾಡಿ ಎತ್ತಿದ.

ಅವನು ಸುದ್ದಿ ಮುಟ್ಟಿಸಿದ್ದೇ ಫ್ಯಾಕ್ಟರಿಯ ಯಂತ್ರಗಳು ನಿಂತವು. ಯಜಮಾನರು ದಿವಾಳಿಯಾಗಿದ್ದಾರೆ ಎಂದರು ಕೆಲವರು. ದಿವಾಳಿಯಲ್ಲ, ತಲೆ ಕೆಟ್ಟಿದೆ ಎಂದರು ಉಳಿದವರು. ಮೂರೂವರೆಗೆ, ತಲೆಗೆ ಬಲೆಟೋಪಿ ಹಾಕಿದ ಮೂವತ್ತು ಹೆಂಗಸರು ಸಾಮಾನು ಸಾಗಿಸುವ ಎರಡು ವ್ಯಾನುಗಳಲ್ಲಿ ಸಿಗ್ನಲ್ಲಿಗೆ ಬಂದಿಳಿದರು. ಮುಂದಾಳು ಮೇಸ್ತ್ರಿ ಜುಲ್ಮೀರಾ. ಮೂವತ್ತು ವರ್ಷದಿಂದ ಹಿಟ್ಟಿನ ಹದದ ವಿಷಯಕ್ಕೆ ಯಜಮಾನರ ಜೊತೆ ದಿನಾ ಜಗಳವಾಡುವ ಆಕೆ, ನಡುರಸ್ತೆಯಲ್ಲಿ ಅವರನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟಳು.

"ನಾವು ಸಂಬಳ ಕೇಳಿದ್ವಾ ಯಜಮಾನ್ರೇ? ಒಂದು ಮಾತು ಹೇಳ್ಬಾರ್ದಿತ್ತಾ?"

"ಏನೂ ಆಗಿಲ್ಲ ಕಣಮ್ಮ. ನಾನು ಲಾಯರ್ ಆಗ್ತಿದೀನಿ. ಕಾಲೇಜಲ್ಲಿ ಸೀಟು ಸಿಕ್ಕಿದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಲೆ ಕೆಟ್ಟಿದೆ ಎಂದವರೇ ಗೆದ್ದಿದ್ದರು.

ಆಮೇಲೆ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ಜನ ಎತ್ತಿ ವ್ಯಾನಿನಲ್ಲಿ ಕೂರಿಸಿ, ಮೂರು ಬೀದಿ ಆಚೆಯ ಔಷಧಿ ಅಂಗಡಿಗೆ ಒಯ್ದರು. ಅಂಗಡಿಯವನು ರಕ್ತದೊತ್ತಡ ನೋಡಿದ, ಹೆಚ್ಚಿತ್ತು. ಹೆಚ್ಚದೆ ಇನ್ನೇನು? ನರಗಳು ತಣ್ಣಗಾಗಲೆಂದು ಜುಲ್ಮೀರಾ ಸಕ್ಕರೆ ನೀರು ಕಲಸಿ ಕುಡಿಸಿದಳು. ಜೆರ್ವಾಸಿಯೊ ಸಮಾಧಾನದಿಂದ, ಐದು ಗಂಟೆಯೊಳಗೆ ತಾನು ಸಹಿ ಹಾಕದಿದ್ದರೆ ಸೀಟು ಕೈತಪ್ಪುತ್ತದೆ ಎಂದು ವಿವರಿಸಿದರು. ಇನ್ನೊಂದು ಲೋಟ ಬಂತು. ದಾಖಲೆಗಳೆಲ್ಲಿ ಎಂದರೆ ಬಣ್ಣದ ಬಕೆಟ್ಟಿನವರ ಹತ್ತಿರ ಎಂದರು. ಮೂರನೇ ಲೋಟ. ಗೋಡೆಯ ಗಡಿಯಾರ ನಾಲ್ಕೂಕಾಲು ತೋರಿಸಿದಾಗ ಅವರು ಎದ್ದು ಓಡಲು ನೋಡಿದರು; ನಾಲ್ಕನೇ ಲೋಟವನ್ನು ಇಬ್ಬರು ಹಿಡಿದು ಕುಡಿಸಬೇಕಾಯಿತು.

ಜುರಾಂಡಿರನಿಗೆ ಫೋನು ಮಾಡಿದರೆ ಆಫ್ ಆಗಿತ್ತು. ಉಳಿದದ್ದು ಮಗಳು. ನಂಬರು ಹೇಳುವಾಗ ಜೆರ್ವಾಸಿಯೊಗೆ ನಾಚಿಕೆಯಾಯಿತು. ಕರಾರು ಮುರಿದದ್ದು ತಾವು, ಈಗ ಅವಳ ಗೆಳೆಯರ ಮುಂದೆ ಅವಳನ್ನೇ ಸಾಕ್ಷಿಗೆ ಕರೆಯುತ್ತಿರುವುದೂ ತಾವು. ಜುಲ್ಮೀರಾ ಸ್ಪೀಕರ್ ಹಾಕಿ, ನಿಮ್ಮಪ್ಪ ಕಾಲೇಜು ಸೇರಿದ್ದೇನೆ ಅನ್ನುತ್ತಿದ್ದಾರೆ, ನಾವೇನು ಮಾಡಬೇಕು ತಾಯಿ ಎಂದು ಕೇಳಿದಳು. ಆ ಕಡೆ ಹುಡುಗರ ಗಲಾಟೆ, ತಮಟೆಯ ಸದ್ದು.

"ಹೌದು," ಎಂದಳು ತೈನಾರಾ, ಗಲಾಟೆಯನ್ನೂ ಮೀರಿ ಕೇಳುವ ಹಾಗೆ. "ಅವರು ನಮ್ಮಪ್ಪ. ಸ್ವಂತ ಓದಿ ಪಾಸಾಗಿದಾರೆ. ಬೇಗ ಕರ್ಕೊಂಡು ಬನ್ನಿ, ಚೀಲ ನಾನು ಬಿಡಿಸ್ಕೊಂಡು ಬರ್ತೀನಿ."

ಜೆರ್ವಾಸಿಯೊ ಅವರ ಕೆನ್ನೆಯ ನೀಲಿ ಬಣ್ಣದಲ್ಲಿ ಎರಡು ಗೆರೆ ಮೂಡಿದವು. ಹೆಂಗಸರೂ ಅತ್ತರು, ಔಷಧಿ ಅಂಗಡಿಯವನೂ ಮೂಗು ಸೀಟಿದ. ಅಳುವುದರಲ್ಲಿ ಹತ್ತು ನಿಮಿಷ ಹೋಯಿತು.

ಜುಲ್ಮೀರಾ ತಾನೇ ವ್ಯಾನು ಓಡಿಸಿದಳು. ಸಿಗ್ನಲ್ಲಿನಲ್ಲಿ ಟ್ರಾಫಿಕ್ಕು ಕಟ್ಟಿಕೊಂಡಿತ್ತು, ಹೊಸಬರ ಭಿಕ್ಷೆ ಅಷ್ಟು ಜೋರಾಗಿ ನಡೆದಿತ್ತು. ಐದಕ್ಕೆ ಆರು ನಿಮಿಷವಿರುವಾಗ ಜೆರ್ವಾಸಿಯೊ ಇಳಿದು, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ಗೇಟಿಗೆ ಓಡಿದರು. ಗೇಟು ಕಾಯುವವನು ಅಡ್ಡ ನಿಂತ.

"ಅಜ್ಜ, ಊಟ ಕೊಡೋದು ಹಿಂದಿನ ಗೇಟಲ್ಲಿ."

ಜೀವಮಾನದಲ್ಲಿ ಅವರನ್ನು ಒಂದು ಗೇಟು ತಡೆದದ್ದು ಇದೇ ಮೊದಲು. ಅವರು ಚೀಸ್ ಬನ್ನಿನ ಹೆಸರು ಹೇಳಿದರು, ಕೈ ಮುಗಿದರು, ಬನ್ನೇ ಕೊಡುತ್ತೇನೆ ಎಂದರು. ತೈನಾರಾ ಚೀಲ ಹಿಡಿದು ಓಡಿ ಬಂದು ಅಪ್ಪನ ಗುರುತಿನ ಚೀಟಿ ತೋರಿಸಿದಾಗ ಗೇಟಿನವನು ಫೋಟೋ ನೋಡಿದ, ಮುಖ ನೋಡಿದ, ಒಂದು ಕಿವಿಯ ಬಣ್ಣ ಒರೆಸಿ ಹೋಲಿಸಿ ನೋಡಿದ. ಆಮೇಲೆ ಬಿಟ್ಟ. ಅಪ್ಪ ಮಗಳು ಕೈ ಹಿಡಿದುಕೊಂಡು ಓಡಿದರು.

ಕೌಂಟರಿನಲ್ಲಿ ಕನ್ನಡಕದ ಹೆಂಗಸು ಗಡಿಯಾರ ತೋರಿಸಿದಳು. ಐದು ದಾಟಿ ಎರಡು ನಿಮಿಷ. ನಲವತ್ತನೇ ಸೀಟು ಖಾಲಿ ಉಳಿದದ್ದರಿಂದ ಕಾಯುವ ಪಟ್ಟಿಯ ಮೊದಲನೆಯವರನ್ನು ಕೂಗಿಯಾಗಿದೆ, ಅವರು ಬಂದೂ ಆಗಿದೆ ಎಂದಳು. ಆ ಮೊದಲನೆಯವರು ಪೆನ್ನು ಹಿಡಿದು ಕೌಂಟರಿನ ಮೇಲೆ ಬಗ್ಗಿದ್ದರು. ಇಸ್ತ್ರಿ ಶರಟು, ಬಾಚಿದ ತಲೆ, ಬಹಳ ಪರಿಚಯದ ಬೆನ್ನು.

ಬೆನ್ನು ತಿರುಗಿತು. ಜುರಾಂಡಿರ್.

"ಡಾಕ್ಟ್ರೇ? ನೀವು ಒಂದು ಗಂಟೆಗೇ ಸೈನ್ ಹಾಕಿದೀರಿ ಅಂದ್ಕೊಂಡಿದ್ದೆ. ಯಾರೋ ಪುಣ್ಯಾತ್ಮ ಬರ್ಲಿಲ್ಲ ಅಂತ ಖುಷಿಪಟ್ಟೆ."

ವಿಷಯ ಸರಳವಾಗಿತ್ತು. ಪರೀಕ್ಷೆ ಇದ್ದ ಎರಡು ಭಾನುವಾರವೂ ಜುರಾಂಡಿರ್ ಐದೈದು ತಾಸು ಬಿಸಿಲಲ್ಲಿ ಕಾಯಬೇಕಿತ್ತು. ಒಳಗೆ ಫ್ಯಾನು ಇರುತ್ತದೆ, ಹೇಗೂ ಎಂಟು ತಿಂಗಳಿಂದ ಪ್ರಶ್ನೆಗಳನ್ನೆಲ್ಲ ಗಟ್ಟಿಯಾಗಿ ಓದಿದ್ದೇನೆ ಎಂದು ಹೈಸ್ಕೂಲು ಮುಗಿಸಿದ್ದ ಅವನೂ ಅರ್ಜಿ ಹಾಕಿ ಕೂತುಬಿಟ್ಟಿದ್ದ. ಯಜಮಾನರಿಗಿಂತ ಅವನಿಗೆ ಬಂದದ್ದು ಅರ್ಧ ಅಂಕ ಕಡಿಮೆ. ಈಗ ಅವನು ಪೆನ್ನು ಕೆಳಗಿಟ್ಟು, ತನಗೆ ಬೇಡ, ಯಜಮಾನರಿಗೇ ಕೊಡಿ ಎಂದ. ಹಾಗೆಲ್ಲ ಕೊಡಲು ಬರುವುದಿಲ್ಲ, ಇವರು ಬಿಟ್ಟರೆ ಪಟ್ಟಿಯ ಎರಡನೆಯವರಿಗೆ ಹೋಗುತ್ತದೆ ಎಂದಳು ಕನ್ನಡಕದ ಹೆಂಗಸು. ಎರಡನೆಯವಳು ಬೆಂಚಿನ ಮೇಲೆ ಕೂತು ಆಸೆಯಿಂದ ನೋಡುತ್ತಿದ್ದಳು.

ಜೆರ್ವಾಸಿಯೊಗೆ ಹೊಟ್ಟೆ ಉರಿಯದೆ ಇರಲಿಲ್ಲ. ಚೆನ್ನಾಗಿಯೇ ಉರಿಯಿತು. ಆದರೆ ಜುರಾಂಡಿರ್ ಕೆಳಗಿಟ್ಟ ಪೆನ್ನನ್ನು ನೋಡಿದಾಗ, ತನಗೆ ಹೆಚ್ಚಿಗೆ ಬಂದ ಆ ಅರ್ಧ ಅಂಕವೂ ಬಹುಶಃ ಅವನು ಓದಿ ಹೇಳಿದ ಪುಣ್ಯವೇ ಅನ್ನಿಸಿತು.

"ಸೈನ್ ಹಾಕು. ಇನ್ನೂ ಎರಡು ನಿಮಿಷ ಲೇಟ್ ಮಾಡಿದ್ರೆ ನಿಂದೂ ಹೋಗುತ್ತೆ," ಎಂದರು.

ಅವನು ಹಾಕಿದ. ತೈನಾರಾ ಚಪ್ಪಾಳೆ ತಟ್ಟಿದಳು. ಹಿಂದೆಯೇ ಓಡಿ ಬಂದು ಬಾಗಿಲಲ್ಲಿ ತುಂಬಿಕೊಂಡಿದ್ದ ಬಲೆಟೋಪಿಗಳೂ ತಟ್ಟಿದವು. ಕೆಲಸದಲ್ಲಿರುವವರು ಮಾಲೀಕರಿಂದ ಒಪ್ಪಿಗೆ ಪತ್ರ ಕೊಡಬೇಕು, ದಿನಾ ಸಂಜೆ ಆರಕ್ಕೆ ಬಿಡುವುದಾಗಿ ಅವರು ಸಹಿ ಮಾಡಬೇಕು ಎಂದು ಹೆಂಗಸು ಇನ್ನೊಂದು ಹಾಳೆ ಚಾಚಿದಳು. ಜುರಾಂಡಿರ್ ಸಂಕೋಚದಿಂದ ಪಕ್ಕಕ್ಕೆ ಕೈ ತೋರಿಸಿದ. ಬರಿಗಾಲು, ಹಿಟ್ಟಿನ ತಲೆ, ಕೈಯಲ್ಲಿ ಹಿಡಿದ ಪ್ಯಾಂಟು, ಎಲ್ಲವನ್ನೂ ಆಕೆ ನಿಧಾನವಾಗಿ ನೋಡಿ, ನಿಮಗೆ ತಿಂಗಳು ತಿಂಗಳು ಸಂಬಳ ಸರಿಯಾಗಿ ಕೊಡುತ್ತಾರಾ ಎಂದು ಜುರಾಂಡಿರನನ್ನು ಕನಿಕರದಿಂದ ಕೇಳಿದಳು.

ಪತ್ರಕ್ಕೂ ಸಹಿಯಾಯಿತು. ಆಮೇಲೆ ತೈನಾರಾಗೆ ಹೊಳೆಯಿತು: ಆರಕ್ಕೆ ಜುರಾಂಡಿರ್ ಕಾಲೇಜಿಗೆ ಬಂದರೆ ಅಪ್ಪನನ್ನು ಫ್ಯಾಕ್ಟರಿಯಿಂದ ಮನೆಗೆ ಕರೆದೊಯ್ಯುವವರು ಯಾರು? ಅಪ್ಪ ಸ್ಟಿಯರಿಂಗ್ ಮುಟ್ಟುವ ಮಾತೇ ಇಲ್ಲ. ಕೊನೆಯ ಸಲ ಮುಟ್ಟಿದಾಗ ಕಾರು ಬಿಷಪ್ಪರ ಮನೆಯ ಹೂದೋಟದಲ್ಲಿ ನಿಂತಿತ್ತು.

ಜುರಾಂಡಿರ್ ಅದನ್ನೂ ಯೋಚಿಸಿಟ್ಟಿದ್ದ. "ಆರಕ್ಕೆ ಇಬ್ರೂ ಒಟ್ಟಿಗೇ ಬಂದುಬಿಡೋಣ ಡಾಕ್ಟ್ರೇ. ನಾನು ಒಳಗೆ ಹೋಗ್ತೀನಿ, ನೀವು ಕಾರಲ್ಲಿ ಆರಾಮಾಗಿ ಕೂತಿರಿ. ಹತ್ತೂವರೆಗೆ ಕ್ಲಾಸು ಮುಗಿದ ತಕ್ಷಣ ಮನೆಗೆ ಬಿಡ್ತೀನಿ. ಐದೇ ವರ್ಷ ತಾನೆ."

ಸೋಮವಾರದಿಂದ ಜೆರ್ವಾಸಿಯೊ ಒಂದು ಸಂಜೆಯೂ ತಪ್ಪಿಸದೆ ಕಾಲೇಜಿಗೆ ಹೋಗುತ್ತಿದ್ದಾರೆ. ಮೂರನೇ ಸಾಲಿನಲ್ಲಿ, ಮಾವಿನ ಮರದ ಕೆಳಗೆ, ಎಡಗಡೆಯಿಂದ ಎರಡನೆಯ ಕಾರು ಅವರದು.