ಗೆಲ್ಲಬಾರದ ಚೀಟಿ

ಐದು ಡಾಲರಿನ ಒಂದು ಲಾಟರಿ ಚೀಟಿ ಲಯ್ನಲ್ ಪ್ಯಾಸ್ಕೋನ ನಿದ್ದೆ ಕೆಡಿಸಿತ್ತು. ಅದನ್ನು ಅವನು ಕೊಂಡಿರಲಿಲ್ಲ. ಪಕ್ಕದ ಮನೆಯ ಡಡ್ಲಿ, "ನೀನು ರಿಟೈರ್ ಆದ ಖುಷಿಗೆ ನನ್ನ ಕಡೆಯಿಂದ" ಎಂದು ಅವನ ಹೆಸರು ಬರೆಸಿ ಜೇಬಿಗೆ ತುರುಕಿದ್ದ. ವಾಲರೂ ಎಂಬ ಊರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೋಲ್ಸ್ ಕ್ಲಬ್ಬಿನಲ್ಲಿ ಆ ಶನಿವಾರ ಮಧ್ಯಾಹ್ನ ಚೀಟಿ ಎತ್ತುವವರಿದ್ದರು. ಮೊದಲ ಬಹುಮಾನ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಹೊಚ್ಚಹೊಸ ಕ್ಯಾರವಾನ್. ಬೆಲೆ ಅರವತ್ತು ಸಾವಿರ.

ಬೇರೆಯವರಿಗಾದರೆ ಆಸೆ ಹುಟ್ಟುತ್ತಿತ್ತು. ಲಯ್ನಲ್‌ಗೆ ಹೆದರಿಕೆ ಹುಟ್ಟಿತು. ತಿಂಗಳ ಖರ್ಚಿಗೆ ನಾಲ್ಕು ಕಡೆಯಿಂದ ದುಡ್ಡು ಬರುವ ಹಾಗೆ ಅವನು ವರ್ಷಗಟ್ಟಲೆ ತಲೆಕೆಡಿಸಿಕೊಂಡು ಏರ್ಪಾಡು ಮಾಡಿದ್ದ. ನಿವೃತ್ತಿ ನಿಧಿಯಿಂದ ಒಂದಿಷ್ಟು, ಷೇರುಗಳಿಂದ ಚೂರುಪಾರು, ಶೆಡ್ಡಿನಲ್ಲಿ ಯಾರದೋ ದೋಣಿ ನಿಲ್ಲಿಸಿಕೊಂಡದ್ದಕ್ಕೆ ಬಾಡಿಗೆ, ಕೊನೆಗೆ ಸರ್ಕಾರದ ಪಿಂಚಣಿ. ಆ ಪಿಂಚಣಿ ಗಂಡಹೆಂಡತಿಯ ಕಾಫಿ ಖರ್ಚಿಗೂ ಸಾಲುವಂಥದ್ದಲ್ಲ. ಆದರೆ ಅದು ಒಂದು ಡಾಲರ್ ಬಂದರೂ ಸಾಕು, ಜೊತೆಗೆ ರಿಯಾಯಿತಿ ಕಾರ್ಡು ಬರುತ್ತದೆ. ಹೆಂಡತಿ ರೋಮಾಳ ಮಾತ್ರೆ, ಕರೆಂಟು, ಮನೆ ಕಂದಾಯ ಎಲ್ಲಕ್ಕೂ ಆ ಕಾರ್ಡೇ ಗತಿ. ಅದಿಲ್ಲದಿದ್ದರೆ ಉಳಿದ ಮೂರು ಸೇರಿದರೂ ತಿಂಗಳ ಕೊನೆ ಮುಟ್ಟುವುದಿಲ್ಲ.

ಆಸ್ತಿ ಮಿತಿ ಮೀರಿದವರಿಗೆ ಪಿಂಚಣಿಯೂ ಇಲ್ಲ, ಕಾರ್ಡೂ ಇಲ್ಲ. ವಾಸದ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಲಯ್ನಲ್ ಗಟ್ಟಿಮುಟ್ಟಾಗಿದ್ದ ಛಾವಣಿಯನ್ನೇ ಕಿತ್ತು ಹೊಸದು ಹೊದಿಸಿ, ಕೈಯಲ್ಲಿದ್ದ ದುಡ್ಡು ಕರಗಿಸಿ, ಮಿತಿಯ ಕೆಳಗೆ ಕೂದಲೆಳೆಯಷ್ಟು ಇಳಿದು ಕೂತಿದ್ದ. ಸೋಮವಾರ ಪಿಂಚಣಿಗೆ ಅರ್ಜಿ ಕೊಡಬೇಕಿತ್ತು.

"ಇವತ್ತು ಕ್ಲಬ್ಬಿಗೆ ಹೋಗೋದು ಬೇಡ ಕಣೇ" ಎಂದ.

"ನಿನಗೋಸ್ಕರ ಕೇಕ್ ಮಾಡ್ಸಿದಾರೆ. ಹೋಗ್ದೇ ಇದ್ರೆ ಏನಂದ್ಕೋತಾರೆ?"

"ಗೆದ್ದುಬಿಟ್ರೆ?"

"ಯಾರು, ನೀನಾ?" ರೋಮಾ ನಕ್ಕಳು. "ಬಸ್ಸಲ್ಲಿ ಕಿಟಕಿ ಪಕ್ಕದ ಸೀಟೂ ನಿನಗೆ ಯಾವತ್ತೂ ಸಿಕ್ಕಿಲ್ಲ. ಸುಮ್ನೆ ಶರ್ಟ್ ಹಾಕ್ಕೋ."

ಕ್ಲಬ್ಬಿನ ಬಾಗಿಲಲ್ಲಿ ಬಂದವರಿಗೆಲ್ಲ ಎರಡೆರಡು ಟೋಕನ್ ಕೊಟ್ಟರು. ಮೊದಲು ಎತ್ತಿದ ಟೋಕನ್ನಿಗೆ ಬಹುಮಾನ ಒಂದು ತಟ್ಟೆ ಹಸಿ ಮಾಂಸ, ಸಾಸೇಜು. ಅದು ಲಯ್ನಲ್‌ನ ಟೋಕನ್ನೇ ಆಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಡ್ಲಿ ಒಂದು ಕಾಲದಲ್ಲಿ ಬ್ಯಾಂಕಿನಲ್ಲಿದ್ದವನು, ಕಾಯಿದೆ ಕಾನೂನೆಲ್ಲ ತನ್ನ ಬಾಯಲ್ಲೇ ಇದೆ ಎನ್ನುವವನು. ಲಯ್ನಲ್ ಅವನ ಕಿವಿಯ ಹತ್ತಿರ ಬಗ್ಗಿದ.

"ಡಡ್ಲೀ, ಮಾಂಸ ಆಸ್ತಿ ಲೆಕ್ಕಕ್ಕೆ ಬರುತ್ತೇನೋ?"

"ತಿಂದುಬಿಟ್ರೆ ಬರಲ್ಲ. ಫ್ರೀಜರಲ್ಲಿಟ್ರೆ ನಾನು ಜವಾಬ್ದಾರ ಅಲ್ಲ."

ಡಡ್ಲಿ ಹೇಳಿದ್ದು ತಮಾಷೆಗೆ. ಆದರೆ ಹೆದರಿದವನಿಗೆ ತಮಾಷೆ ಎಲ್ಲಿ ತಿಳಿಯುತ್ತದೆ? ಲಯ್ನಲ್ ಇಡೀ ತಟ್ಟೆಯನ್ನು ಒಲೆಯ ಹತ್ತಿರ ಒಯ್ದು ಸುಡಿಸಿ, ಕಂಡವರಿಗೆಲ್ಲ ಹಂಚಿ, ಉಳಿದ ಸಾಸೇಜುಗಳನ್ನು ನಿಂತಲ್ಲೇ ನುಂಗಿದ. ಕೊನೆಯದು ಗಂಟಲಿನಿಂದ ಇಳಿಯುವಷ್ಟರಲ್ಲಿ ಎರಡನೇ ಬಹುಮಾನವೂ ಅವನ ಇನ್ನೊಂದು ಟೋಕನ್ನಿಗೇ ಬಂತು, ಒಂದು ಬುಟ್ಟಿ ವೈನು.

"ಇವತ್ತು ನಿನ್ನ ದಿನ ಕಣೋ!" ಎಂದು ಯಾರೋ ಬೆನ್ನಿಗೆ ಗುದ್ದಿದರು. ಅರವತ್ತೇಳು ವರ್ಷ ಮುಖ ತಿರುಗಿಸಿಕೊಂಡಿದ್ದ ಅದೃಷ್ಟ ಇವತ್ತೇ ಒಕ್ಕರಿಸಬೇಕೇ ಎಂದು ಲಯ್ನಲ್‌ಗೆ ಅಳು ಬಂತು.

"ಕ್ಯಾರವಾನ್ ಚೀಟಿ ಎತ್ತುವಾಗ ನಾನು ಇಲ್ಲದೇ ಇದ್ರೆ?" ಎಂದು ಡಡ್ಲಿಯನ್ನು ಕೇಳಿದ.

"ಎದುರಿಗೆ ಬರದೇ ಇದ್ರೆ ಬೇರೆ ಚೀಟಿ ಎತ್ತುತ್ತಾರೆ. ಕ್ಲಬ್ಬಿನ ರೂಲು."

ಲಯ್ನಲ್ ನೇರ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಕಾರ್ಯದರ್ಶಿಯ ದನಿ ಕೇಳಿತು.

"ಕ್ಯಾರವಾನ್ ಗೆದ್ದವರು... ಲಯ್ನಲ್ ಪ್ಯಾಸ್ಕೋ!"

ಲಯ್ನಲ್ ಉಸಿರು ಬಿಗಿಹಿಡಿದ. ಎದೆ ಡವಡವ ಹೊಡೆದುಕೊಳ್ಳುವುದು ಹೊರಗಿನವರಿಗೆ ಕೇಳಿಸೀತೆಂದು ಅಂಗಿಯ ಮೇಲೆ ಕೈ ಒತ್ತಿಕೊಂಡ.

"ಲಯ್ನಲ್ ಇಲ್ವಾ? ಹಾಗಾದ್ರೆ ಇನ್ನೊಂದು ಚೀಟಿ..."

"ತಡೀರಿ, ತಡೀರಿ!" ಅದು ಎದುರು ಬೀದಿಯ ವಿಧವೆ ಮೇವಿಸ್ ದನಿ. "ಅವನು ಟಾಯ್ಲೆಟ್ಟಲ್ಲಿದಾನೆ! ಅಷ್ಟೊಂದು ಸಾಸೇಜ್ ತಿಂದ್ರೆ ಇನ್ನೇನಾಗುತ್ತೆ? ಪಾಪ, ಯಾರಾದ್ರೂ ಹೋಗಿ ಕರ್ಕೊಂಡ್ಬನ್ನಿ!"

ಉಪಕಾರ ಮಾಡಲು ನಾಲ್ಕು ಜನ ಓಡಿ ಬಂದರು. ಬಾಗಿಲು ಬಡಿದು, ಚಿಲಕ ಅಲ್ಲಾಡಿಸಿ, "ಸಂಕೋಚ ಪಡಬೇಡ, ನಾವೆಲ್ಲ ಮನೆಯವರೇ" ಎಂದು ಧೈರ್ಯ ಹೇಳಿ, ಕೊನೆಗೆ ಚಿಲಕ ಕಳಚಿ ಅವನನ್ನು ಎತ್ತಿಕೊಂಡೇ ವೇದಿಕೆಗೆ ತಂದರು. ಕಾರ್ಯದರ್ಶಿ ಕ್ಯಾರವಾನಿನ ಬೀಗದಕೈಯನ್ನು ಅವನ ಅಂಗೈಗೆ ಒತ್ತಿ ಮೈಕು ಕೊಟ್ಟ. ಎದುರಿಗೆ ರೋಮಾ ಬಿಳಿಚಿಕೊಂಡು ಕೂತಿದ್ದಳು. ಅವಳ ಮಾತ್ರೆ ಡಬ್ಬಿ ಲಯ್ನಲ್‌ನ ಕಣ್ಣ ಮುಂದೆ ಬಂತು. ಆಗಲೇ ಒಂದು ಉಪಾಯ ಹೊಳೆಯಿತು.

"ಗೆದ್ದಿದ್ದು ನಾನೇ, ಒಪ್ಕೊಂಡೆ. ಆದ್ರೆ ಈ ಕ್ಯಾರವಾನ್ ನನಗೆ ಬೇಡ. ಈಗಿಂದೀಗ್ಲೇ ಮೇವಿಸ್‌ಗೆ ದಾನ ಕೊಟ್ಟಿದ್ದೀನಿ!"

ಕ್ಲಬ್ಬಿಗೆ ಕ್ಲಬ್ಬೇ ಎದ್ದು ನಿಂತಿತು. ಮೇವಿಸ್ ಬೀಗದಕೈ ಈಸಿಕೊಂಡು ಅವನ ಕೊರಳಿಗೆ ಬಿದ್ದು ಗೋಳೋ ಎಂದು ಅತ್ತಳು. ಊರಿನ ಪತ್ರಿಕೆಯವನು ಫೋಟೋ ತೆಗೆದ. ರೋಮಾ ಓಡಿ ಬಂದು ಗಂಡನ ಕೈ ಹಿಡಿದು, "ಇದೊಂದು ಸಲ ತಲೆ ಓಡಿಸ್ದೆ ನೋಡು" ಎಂದು ಪಿಸುಗುಟ್ಟಿದಳು. ಬೆಳಗಿನಿಂದ ಮೊದಲ ಬಾರಿಗೆ ಲಯ್ನಲ್ ಸರಾಗವಾಗಿ ಉಸಿರಾಡಿದ.

ಚಪ್ಪಾಳೆ ತಟ್ಟದೆ ಉಳಿದವನು ಡಡ್ಲಿ ಒಬ್ಬನೇ. ಅವನು ಕೇಕಿನ ತಟ್ಟೆ ಕೆಳಗಿಟ್ಟು ಹತ್ತಿರ ಬಂದ.

"ಏನು ಮಾಡ್ಕೊಂಡ್ಯೋ ಮಾರಾಯ? ಇಷ್ಟು ದೊಡ್ಡ ವಸ್ತು ದಾನ ಕೊಟ್ರೆ, ಇನ್ನೂ ಐದು ವರ್ಷ ಅದು ನಿನ್ನ ಆಸ್ತೀನೇ ಅಂತ ಪಿಂಚಣಿಯೋರು ಲೆಕ್ಕ ಹಾಕ್ತಾರೆ. ಇಲ್ಲಾಂದ್ರೆ ಎಲ್ರೂ ಮಕ್ಕಳಿಗೆ ಕೊಟ್ಟು ಬಡವರಾಗಿಬಿಡ್ತಿರ್ಲಿಲ್ವಾ?"

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಮಾಂಸದ ವಿಷಯ ಕೇಳ್ದೆ. ದಾನದ ವಿಷಯ ಕೇಳ್ಲಿಲ್ವಲ್ಲ."

"ಯಾರಿಗೂ ಹೇಳ್ದೇ ಇದ್ರೆ?"

ಡಡ್ಲಿ ಪತ್ರಿಕೆಯವನ ಕಡೆ ಕೈ ತೋರಿಸಿದ. ಅವನು ಮೇವಿಸ್‌ಳನ್ನು ನಿಲ್ಲಿಸಿಕೊಂಡು ದಾನಿಯ ಹೆಸರಿನ ಒಂದೊಂದು ಅಕ್ಷರವನ್ನೂ ಕೇಳಿ ಬರೆದುಕೊಳ್ಳುತ್ತಿದ್ದ.

ಸಂಜೆ ಮೇವಿಸ್ ಇವರ ಮನೆಗೇ ಬಂದಳು. ಅವಳ ಪುಟ್ಟ ಮನೆಯ ಮುಂದೆ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. "ನಿಮ್ಮ ಅಂಗಳದಲ್ಲಿ ಇರ್ಲಿ ಲಯ್ನಲ್, ನೀನು ದೇವರಂಥೋನು" ಎಂದಳು. ಲಯ್ನಲ್ ಹೋಗಿ ಗೇಟು ತೆರೆದುಕೊಟ್ಟ. ಅದೇ ನಾಲ್ಕು ಜನ ಉಪಕಾರಿಗಳು ಕ್ಯಾರವಾನನ್ನು ತಳ್ಳಿಕೊಂಡು ಬಂದು ಅಡುಗೆಮನೆಯ ಕಿಟಕಿಗೆ ಅಡ್ಡ ನಿಲ್ಲಿಸಿ ಹೋದರು.

ಗಂಡಹೆಂಡತಿ ಆ ಕತ್ತಲ ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕಾಫಿಗೆ ಕೂತರು.

"ಒಳಗೆ ಮಂಚ, ಒಲೆ ಎಲ್ಲ ಇದ್ಯಂತೆ" ಎಂದಳು ರೋಮಾ. "ಐದು ವರ್ಷ ನಮ್ಮದೇ ಅಂತ ಸರ್ಕಾರಾನೇ ಹೇಳುತ್ತಲ್ಲ, ಒಂದ್ಸಲ ಹೋಗಿ ನೋಡೋಣ್ವಾ?"

"ಆಗಲ್ಲ ಕಣೇ," ಎಂದ ಲಯ್ನಲ್. "ಬೀಗದಕೈ ಮೇವಿಸ್ ಹತ್ರ ಇದೆ."